ಪಕ್ಕದ ಹೊಲಕ್ಕೂ ಅದೇ ನ್ಯಾಯ

ಎರಡು ಹೊಲ, ನಡುವೆ ಒಂದು ಬದು. ಎರಡೂ ಕಡೆ ಅದೇ ಎರೆಮಣ್ಣು, ಅದೇ ತೊಗರಿ, ಅದೇ ಮಳೆ. ಒಂದೇ ಅಧಿಸೂಚನೆ ಹೊರಡಿಸಿ ಸರ್ಕಾರ ಎರಡನ್ನೂ ತೆಗೆದುಕೊಂಡಿತು. ಭೂಸ್ವಾಧೀನಾಧಿಕಾರಿ ಇಬ್ಬರಿಗೂ ಎಕರೆಗೆ ಒಂದೇ ದರ ಕಟ್ಟಿದರು. ವರ್ಷಗಳು ಕಳೆದ ಮೇಲೆ ನೋಡಿದರೆ ಒಬ್ಬ ರೈತನ ಕೈಸೇರಿದ ಪರಿಹಾರ ಇನ್ನೊಬ್ಬನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮೊದಲನೆಯವನು ಕೋರ್ಟಿಗೆ ಹೋದ, ಎರಡನೆಯವನು ಹೋಗಲಿಲ್ಲ. ಇಬ್ಬರ ನಡುವಿನ ವ್ಯತ್ಯಾಸ ಇಷ್ಟೇ.

ಕಲಬುರಗಿ ಜಿಲ್ಲೆಗೆ ಇದು ಹೊಸ ಕಥೆಯಲ್ಲ. ಹುಮನಾಬಾದ್ ರಸ್ತೆಯ ಮಹಾಗಾಂವ ಸೀಮೆಯಲ್ಲಿ ಗಂಡೋರಿ ನಾಲಾ, ಹೆರೂರ (ಕೆ) ಬಳಿ ಬೆಣ್ಣೆತೊರೆ, ಆಳಂದ ಕಡೆ ಅಮರ್ಜಾ, ಚಿಂಚೋಳಿಯಲ್ಲಿ ಕೆಳದಂಡೆ ಮುಲ್ಲಾಮಾರಿ, ಅಫಜಲಪುರದ ಸೊನ್ನದಲ್ಲಿ ಭೀಮಾ ಬ್ಯಾರೇಜು. ಒಂದೊಂದು ಯೋಜನೆಯ ಹಿಂದೆಯೂ ನೂರಾರು ಸರ್ವೆ ನಂಬರುಗಳಿವೆ. ಆಮೇಲೆ ಕಮಲಾಪುರದ ಮೇಲೆ ಹಾಯ್ದು ಹೋಗುವ ಬೀದರ್–ಕಲಬುರಗಿ ರೈಲು ಮಾರ್ಗ ಬಂತು, 2019ರಲ್ಲಿ ಕಲಬುರಗಿ ವಿಮಾನ ನಿಲ್ದಾಣ ಶುರುವಾಯಿತು, ರಾಷ್ಟ್ರೀಯ ಹೆದ್ದಾರಿ 50 ಅಗಲವಾಯಿತು. ನೀರು, ರೈಲು, ರಸ್ತೆ ಎಲ್ಲವೂ ಬೇಕಾದವೇ. ಅವಕ್ಕಾಗಿ ಮಣ್ಣು ಬಿಟ್ಟುಕೊಟ್ಟವರು ಮಾತ್ರ ಕಡತ ಬಗಲಲ್ಲಿಟ್ಟುಕೊಂಡು ಕೋರ್ಟು ಕಚೇರಿ ಅಲೆದರು. ಇವತ್ತಿಗೂ ಕಲಬುರಗಿಯ ವಕೀಲರಿಗೆ ರೈತರಿಂದ ಎದುರಾಗುವ ಪ್ರಶ್ನೆ ಒಂದಿದೆ: “ವಕೀಲ್‌ಸಾಬ್ರ, ಬಾಜು ಹೊಲದವ್ರಿಗಿ ಜಾಸ್ತಿ ಬಂದಾದ, ನಮಗ್ಯಾಕ ಇಲ್ಲ?”

ನ್ಯಾಯಾಲಯಗಳು ಏನು ತೀರ್ಪು ಕೊಡುತ್ತವೆ ಎನ್ನುವುದರ ಬಗ್ಗೆ ನಾವು ಸಾಕಷ್ಟು ಓದುತ್ತೇವೆ. ಆ ತೀರ್ಪು ಕೋರ್ಟಿಗೆ ಹೋಗದ ನೆರೆಯವನ ಮನೆಗೆ ತಲುಪುತ್ತದೆಯೇ ಎಂದು ಕೇಳುವುದು ಕಡಿಮೆ. ನ್ಯಾಯದ ನಿಜವಾದ ಅಳತೆ ಸಿಗುವುದು ಅಲ್ಲಿ ಎಂಬುದು ನನ್ನ ನಂಬಿಕೆ.

ಒಂದೇ ಸಾಲಿನ ಮೆಟ್ಟಿಲು

ಅಮೆರಿಕದಲ್ಲಿ ಎರಡು ಬಗೆಯ ನ್ಯಾಯಾಲಯಗಳು ಅಕ್ಕಪಕ್ಕದಲ್ಲಿ ನಡೆಯುತ್ತವೆ. ಒಂದೊಂದು ರಾಜ್ಯಕ್ಕೂ ತನ್ನದೇ ನ್ಯಾಯಾಲಯಗಳಿವೆ, ಅವುಗಳ ತುದಿಯಲ್ಲಿ ಆ ರಾಜ್ಯದ್ದೇ ಉಚ್ಚ ನ್ಯಾಯಪೀಠವಿದೆ. ಕೇಂದ್ರದ ಕಾನೂನು ಮತ್ತು ಸಂವಿಧಾನದ ಪ್ರಶ್ನೆಗಳಿಗೆ ಫೆಡರಲ್ ನ್ಯಾಯಾಲಯಗಳು ಬೇರೆ. ರಾಜ್ಯದ ಕಾನೂನಿಗೆ ಅರ್ಥ ಹೇಳುವುದರಲ್ಲಿ ಆ ರಾಜ್ಯದ ಉಚ್ಚ ನ್ಯಾಯಪೀಠದ ಮಾತೇ ಕೊನೆ. ಸರ್ಕಾರ ಜಮೀನು ಕಸಿದುಕೊಂಡಿತು ಎಂಬ ದೂರಿದ್ದವರು ಯಾವ ಬಾಗಿಲು ತಟ್ಟಬೇಕು ಎಂಬ ಗೊಂದಲ ಅಲ್ಲಿ ದಶಕಗಳ ಕಾಲ ಇತ್ತು. ಮೊದಲು ರಾಜ್ಯದ ಕೋರ್ಟಿಗೇ ಹೋಗಬೇಕು ಎಂದು 1985ರ ತೀರ್ಪು ಹೇಳಿತ್ತು. ಪೆನ್ಸಿಲ್ವೇನಿಯಾದ ಸ್ಕಾಟ್ ಎಂಬ ಸಣ್ಣ ಊರಿನ ಜಮೀನಿನಿಂದ ಹುಟ್ಟಿದ ನಿಕ್ ಪ್ರಕರಣದಲ್ಲಿ, 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ನೇರವಾಗಿ ಫೆಡರಲ್ ಕೋರ್ಟಿಗೂ ಬರಬಹುದು ಎಂದಿತು.

ನಮ್ಮ ಸಂವಿಧಾನ ಈ ಎರಡು ದಾರಿಯ ಗೊಂದಲವನ್ನು ಬೇಡವೆಂದಿತು. ಕಲಬುರಗಿಯ ಸಿವಿಲ್ ನ್ಯಾಯಾಧೀಶರು, ಜಿಲ್ಲಾ ನ್ಯಾಯಾಧೀಶರು, ಹೈಕೋರ್ಟ್, ಸುಪ್ರೀಂ ಕೋರ್ಟ್ ಎಲ್ಲವೂ ಒಂದೇ ಸಾಲಿನ ಮೆಟ್ಟಿಲುಗಳು. ಕಾನೂನು ವಿಧಾನಸೌಧದ್ದಾಗಿರಲಿ, ಸಂಸತ್ತಿನದಾಗಿರಲಿ, ವಿಚಾರಣೆ ಅದೇ ಕೋರ್ಟಿನಲ್ಲಿ. ಸಂವಿಧಾನದ 141ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಹೇಳಿದ ಕಾನೂನು ದೇಶದ ಎಲ್ಲ ಕೋರ್ಟುಗಳಿಗೂ ಕಟ್ಟುಪಾಡು. ನದಿ ನೀರು, ಗಡಿಯಂಥ ವಿಷಯದಲ್ಲಿ ರಾಜ್ಯ ರಾಜ್ಯಗಳೇ ಎದುರುಬದುರು ನಿಂತರೆ ಮಾತ್ರ ದಾರಿ ಬೇರೆ: ನದಿ ನೀರಿಗೆ ನ್ಯಾಯಮಂಡಳಿ, ಉಳಿದ ಜಗಳಗಳಿಗೆ 131ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟ್.

ಹಾಗೆಂದು ಎಲ್ಲ ಮೆಟ್ಟಿಲೂ ಎಲ್ಲರಿಗೂ ತೆರೆದಿಲ್ಲ. ಸಾಮಾನ್ಯ ಸಿವಿಲ್ ದಾವೆಯಲ್ಲಿ ಎರಡನೇ ಮೇಲ್ಮನವಿಗೆ ಹೈಕೋರ್ಟಿಗೆ ಬರಬೇಕಾದರೆ ಕಾನೂನಿನ ಗಂಭೀರ ಪ್ರಶ್ನೆಯೊಂದು ಇರಲೇಬೇಕು. ಸಾಕ್ಷ್ಯದ ಮೇಲಿನ ಜಗಳ ಬಹುಪಾಲು ಜಿಲ್ಲೆಯಲ್ಲೇ ಮುಗಿಯುತ್ತದೆ. ಸುಪ್ರೀಂ ಕೋರ್ಟಿಗೆ ಹೋಗುವ ಮುಖ್ಯ ದಾರಿಯಾದ 136ನೇ ವಿಧಿಯ ವಿಶೇಷ ಅನುಮತಿ ಅರ್ಜಿಯಂತೂ ಹಕ್ಕಿನ ಮಾತೇ ಅಲ್ಲ, ಅದು ಕೋರ್ಟಿನ ವಿವೇಚನೆ. ಆದ್ದರಿಂದ ಕೆಳಗಿನ ಕೋರ್ಟಿನಲ್ಲಿ ಸಾಕ್ಷ್ಯ ಸರಿಯಾಗಿ ಇಟ್ಟವರೇ ಮುಂದೆ ನಿಲ್ಲುತ್ತಾರೆ.

ರಾಜಧಾನಿ ದೂರ

ನಿಜಾಮರ ಕಾಲದಲ್ಲಿ ಕಲಬುರಗಿಯ ದೊಡ್ಡ ವ್ಯಾಜ್ಯಗಳು ಹೈದರಾಬಾದಿನ ಹೈಕೋರ್ಟಿಗೆ ಹೋಗುತ್ತಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿದಾಗ ಹೈಕೋರ್ಟು ಬೆಂಗಳೂರಿನದಾಯಿತು, ಸುಮಾರು 600 ಕಿಲೋಮೀಟರ್ ದೂರ. ಮಹಾಗಾಂವದ ರೈತನೊಬ್ಬ ಮೇಲ್ಮನವಿ ಹಾಕಬೇಕೆಂದರೆ ರಾತ್ರಿಯೆಲ್ಲ ರೈಲು, ಗೊತ್ತಿಲ್ಲದ ಊರು, ಪರಿಚಯವಿಲ್ಲದ ವಕೀಲರು. ಒಂದು ತಾರೀಖಿಗೆ ಹೋಗಿ ಬರುವಷ್ಟರಲ್ಲಿ ವಾರದ ಕೂಲಿ ಹೋಗುತ್ತಿತ್ತು. ಹಾಗಾಗಿ ಎಷ್ಟೋ ಜನ ಕೆಳಗಿನ ಕೋರ್ಟಿನಲ್ಲಿ ಸಿಕ್ಕಷ್ಟಕ್ಕೆ ಸುಮ್ಮನಾದರು.

ಉತ್ತರ ಕರ್ನಾಟಕದ ವಕೀಲರು ಮತ್ತು ಜನ ವರ್ಷಗಟ್ಟಲೆ ಹೋರಾಡಿದ್ದರ ಫಲವಾಗಿ 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಶುರುವಾದವು. 2013ರ ಆಗಸ್ಟ್‌ನಲ್ಲಿ ಅವು ಕಾಯಂ ಪೀಠಗಳಾದವು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಪ್ರಕರಣಗಳು ಈಗ ಕಲಬುರಗಿ ಪೀಠದಲ್ಲೇ ನಡೆಯುತ್ತವೆ. 52 ವರ್ಷಗಳ ನಂತರ ಹೈಕೋರ್ಟು ಮಹಾಗಾಂವ ಕ್ರಾಸಿನಿಂದ ಬಸ್ಸು ಹತ್ತಿ ಹೋಗಿ ಸಂಜೆಗೆ ಮನೆಗೆ ಮರಳುವಷ್ಟು ಹತ್ತಿರ ಬಂತು. ವಿಶೇಷ ಸ್ಥಾನಮಾನ ತಂದ ಸಂವಿಧಾನದ 371ಜೆ ವಿಧಿಯಷ್ಟೇ ಈ ಪೀಠವೂ ಈ ಭಾಗಕ್ಕೆ ಸಿಕ್ಕ ದೊಡ್ಡ ಗೆಲುವು ಎಂದು ನಾನು ಎಣಿಸುತ್ತೇನೆ.

ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಸೇರಿ ಒಂದೇ ಹೈಕೋರ್ಟ್. ಕಲಬುರಗಿ ಪೀಠದಲ್ಲಿ ಕುಳಿತ ನ್ಯಾಯಮೂರ್ತಿ ಹೇಳಿದ ಕಾನೂನು ಕೊಡಗಿನ ಕೋರ್ಟಿಗೂ ಅನ್ವಯ. ಇಲ್ಲಿನ ಒಬ್ಬ ರೈತನ ಮೇಲ್ಮನವಿ ಇಡೀ ರಾಜ್ಯದ ರೈತರಿಗೆ ಮೇಲ್ಪಂಕ್ತಿಯಾಗಬಲ್ಲದು.

ಒಂದು ಕ್ವಿಂಟಲ್ ತೊಗರಿಯ ಜಗಳ

ಜಮೀನಿನ ಬೆಲೆ ಕೋರ್ಟಿನಲ್ಲಿ ಹೇಗೆ ತೀರ್ಮಾನವಾಗುತ್ತದೆ ಎಂದು ಹತ್ತಿರದಿಂದ ನೋಡೋಣ. ಹಳೆಯ ಯೋಜನೆಗಳೆಲ್ಲ 1894ರ ಭೂಸ್ವಾಧೀನ ಕಾಯ್ದೆಯಡಿ ಬಂದವು. ಅಧಿಕಾರಿ ಐತೀರ್ಪು ಹೊರಡಿಸಿ ನೋಟಿಸ್ ಕೊಡುತ್ತಿದ್ದರು. ದರ ಒಪ್ಪದ ರೈತ ತಕರಾರು ದಾಖಲಿಸಿಯೇ ಹಣ ಪಡೆಯಬೇಕಿತ್ತು. ತಕರಾರಿಲ್ಲದೆ ಸಹಿ ಹಾಕಿ ಹಣ ಎತ್ತಿಕೊಂಡರೆ 18ನೇ ಕಲಮಿನಡಿ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುತ್ತಿತ್ತು. ಕರ್ನಾಟಕದ ತಿದ್ದುಪಡಿಯಂತೆ, ನೋಟಿಸ್ ಮುಟ್ಟಿದ 90 ದಿನಗಳೊಳಗೆ ‘ನನ್ನ ಪ್ರಕರಣವನ್ನು ಕೋರ್ಟಿಗೆ ಕಳಿಸಿ’ ಎಂದು ಅರ್ಜಿ ಹಾಕಬೇಕಿತ್ತು. ಓದು ಬರಹ ಬಾರದ ಮನೆಗಳಲ್ಲಿ ಬಹಳಷ್ಟು ಜನ ಸೋತದ್ದು ಈ ಎರಡು ಕಡೆಯೇ, ಇನ್ನೂ ಕೋರ್ಟಿನ ಬಾಗಿಲನ್ನೇ ನೋಡುವ ಮುನ್ನ.

ಕೋರ್ಟಿಗೆ ಬಂದ ಮೇಲೆ ಅಕ್ಕಪಕ್ಕದ ಹೊಲ ಮಾರಿದ ಕ್ರಯಪತ್ರ ಸಿಕ್ಕರೆ ಅದರ ದರ ನೋಡುತ್ತಾರೆ. ಹಳ್ಳಿಯಲ್ಲಿ ಅಂಥ ಕ್ರಯಪತ್ರ ಸಿಗುವುದು ವಿರಳ. ಸಿಗದಿದ್ದರೆ ಬೆಳೆಯ ಲೆಕ್ಕ. ಕೃಷಿ ಇಲಾಖೆಯಿಂದ ಇಳುವರಿ ಪತ್ರ, ಎಪಿಎಂಸಿಯಿಂದ ಆ ವರ್ಷದ ಧಾರಣೆಯ ಪತ್ರ ತರಬೇಕು. ಇಳುವರಿಯನ್ನು ಧಾರಣೆಯಿಂದ ಗುಣಿಸಿ, ಬೇಸಾಯದ ಖರ್ಚೆಂದು ಸಾಮಾನ್ಯವಾಗಿ ಅರ್ಧ ಕಳೆದು, ಉಳಿದದ್ದನ್ನು ಹತ್ತರಿಂದ ಗುಣಿಸಿದರೆ ಎಕರೆಯ ಬೆಲೆ.

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಹಿಡಿಯೋಣ. ಖುಷ್ಕಿ ಹೊಲ, ಎಕರೆಗೆ 5 ಕ್ವಿಂಟಲ್ ತೊಗರಿ, ಕ್ವಿಂಟಲಿಗೆ 1,500 ರೂಪಾಯಿ. ಒಟ್ಟು 7,500. ಅರ್ಧ ಖರ್ಚು ಕಳೆದರೆ 3,750. ಹತ್ತರಿಂದ ಗುಣಿಸಿದರೆ 37,500. ಇದರ ಮೇಲೆ ಸೊಲೇಷಿಯಂ ಎಂಬ ಸಾಂತ್ವನ ಧನ ಶೇ 30, ಅಂದರೆ 11,250. ಅಧಿಸೂಚನೆಯಿಂದ ಐತೀರ್ಪಿನವರೆಗೆ ವರ್ಷಕ್ಕೆ ಶೇ 12ರಂತೆ ಹೆಚ್ಚುವರಿ ಮೊತ್ತ, ಎರಡು ವರ್ಷವಾಗಿದ್ದರೆ 9,000. ಒಟ್ಟು ಎಕರೆಗೆ 57,750 ರೂಪಾಯಿ. ಹೆಚ್ಚಿದ ಮೊತ್ತಕ್ಕೆ ಸ್ವಾಧೀನ ಪಡೆದ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ. ಸೊಲೇಷಿಯಂ ಮೇಲೂ ಬಡ್ಡಿ ಕೊಡಬೇಕೆಂದು 2001ರಲ್ಲಿ ಸುಂದರ್ ಪ್ರಕರಣದಲ್ಲಿ ಸಂವಿಧಾನ ಪೀಠ ತೀರ್ಮಾನಿಸಿತು.

ಈಗ ವಕೀಲರು ಚೊಕ್ಕ ದಾಖಲೆ ತಂದು, ಆ ಹೊಲದಲ್ಲಿ 5 ಅಲ್ಲ 6 ಕ್ವಿಂಟಲ್ ಬೆಳೆಯುತ್ತಿತ್ತು ಎಂದು ತೋರಿಸಿದರು ಅನ್ನಿ. ಮೂಲ ಬೆಲೆ 45,000ಕ್ಕೆ ಏರುತ್ತದೆ, ಎಲ್ಲ ಸೇರಿ 69,300. ಒಂದೇ ಒಂದು ಕ್ವಿಂಟಲ್‌ಗೆ ಎಕರೆಗೆ 11,550 ರೂಪಾಯಿ ವ್ಯತ್ಯಾಸ, ಅದೂ ಬಡ್ಡಿ ಸೇರುವ ಮುನ್ನ. ನಾಲ್ಕೆಕರೆಯವನಿಗೆ 46,200. ಖುಷ್ಕಿಯೋ ಬಾಗಾಯತೋ ಎಂಬ ಪ್ರಶ್ನೆ ಇದಕ್ಕೂ ದೊಡ್ಡದು. ಕಮಲಾಪುರದ ಕೆಂಪು ಬಾಳೆಯ ತೋಟವನ್ನು ಪಹಣಿಯಲ್ಲಿ ಬರೀ ಖುಷ್ಕಿ ಎಂದು ಬರೆದಿದ್ದರೆ ಅದರ ಬೆಲೆ ಅಲ್ಲೇ ಕುಸಿಯಿತು. ತಲಾಠಿಯ ಒಂದು ಗೀಟು, ಇಳುವರಿ ಪತ್ರದ ಒಂದು ಅಂಕಿ ಮನೆತನದ ಹಣೆಬರಹ ಬರೆಯುತ್ತದೆ.

ಗೆದ್ದವನ ಹಿಂದೆ ನೆರೆಯವನು

ಈ ಲೆಕ್ಕದಲ್ಲಿ ಗೆದ್ದವನ ಬದುವಿನಾಚೆ ಇದ್ದವನ ಪಾಡೇನು? ಬಡತನದಿಂದಲೋ ತಿಳಿವಳಿಕೆ ಇಲ್ಲದೆಯೋ ಕೋರ್ಟಿಗೆ ಹೋಗದವರು ನಷ್ಟ ಅನುಭವಿಸಬಾರದೆಂದು ಸಂಸತ್ತು 1984ರ ತಿದ್ದುಪಡಿಯಲ್ಲಿ 28ಎ ಕಲಮನ್ನು ಸೇರಿಸಿತು. ಒಂದೇ ಅಧಿಸೂಚನೆಗೆ ಸೇರಿದ ಯಾರಾದರೊಬ್ಬರಿಗೆ ಕೋರ್ಟು ಹೆಚ್ಚಿನ ಪರಿಹಾರ ಕೊಟ್ಟರೆ, ಕೋರ್ಟಿಗೆ ಹೋಗದ ಉಳಿದವರೂ ಅದೇ ದರ ಕೊಡಿ ಎಂದು ಅಧಿಕಾರಿಗೆ ಬರೆದುಕೊಡಬಹುದು. ಅದಕ್ಕೆ ಗಡುವು ಆ ತೀರ್ಪಿನ ದಿನದಿಂದ ಮೂರು ತಿಂಗಳು, ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಬಿಟ್ಟು. 2013ರ ಹೊಸ ಕಾಯ್ದೆಯ 73ನೇ ಕಲಮಿನಲ್ಲೂ ಇದೇ ವ್ಯವಸ್ಥೆಯಿದೆ.

ಭಾರತದ ಕಾನೂನಿನಲ್ಲಿ ಇಷ್ಟು ಕರುಣೆಯುಳ್ಳ ಕಲಮು ಹೆಚ್ಚಿಲ್ಲ. ಇಷ್ಟು ಸುಲಭವಾಗಿ ಕೈತಪ್ಪುವ ಕಲಮೂ ಹೆಚ್ಚಿಲ್ಲ. ಕಲಬುರಗಿಯ ಕೋರ್ಟ್ ಹಾಲಿನಲ್ಲಿ ತೀರ್ಪು ಬಂದ ದಿನ ಊರಿನಲ್ಲಿ ಡಂಗುರ ಹೊಡೆಯುವವರಿಲ್ಲ. ಗೆದ್ದವನು ಮೇಲ್ಮನವಿಯ ಭಯಕ್ಕೆ ಬಾಯಿ ಬಿಡುವುದಿಲ್ಲ. ನೆರೆಯವನಿಗೆ ಗೊತ್ತಾಗುವುದು ಗೆದ್ದವನ ಮನೆಗೆ ಟ್ರ್ಯಾಕ್ಟರ್ ಬಂದಾಗ, ಅಷ್ಟೊತ್ತಿಗೆ ಗಡುವು ಮುಗಿದು ವರ್ಷಗಳಾಗಿರುತ್ತವೆ. ತಡವನ್ನು ಮನ್ನಿಸುವ ಅಧಿಕಾರ ಭೂಸ್ವಾಧೀನಾಧಿಕಾರಿಗೆ ಇಲ್ಲ ಎಂಬುದು ನ್ಯಾಯಾಲಯಗಳ ನಿಲುವು.

ಸುಪ್ರೀಂ ಕೋರ್ಟು ಈ ಕಲಮನ್ನು ಓದಿದ ರೀತಿಯೂ ಏರಿಳಿದಿದೆ. ಮೊದಲ ತೀರ್ಪಿನಿಂದಲೇ ಮೂರು ತಿಂಗಳು ಎಣಿಸಬೇಕು, ನಂತರದ ತೀರ್ಪುಗಳನ್ನು ಹಿಡಿದು ಬರುವಂತಿಲ್ಲ ಎಂದು ಬಾಬುರಾಮ್ ಹೆಸರಿನ ಪ್ರಕರಣದಲ್ಲಿ ಹೇಳಿತ್ತು. 1995ರ ಪ್ರದೀಪ್ ಕುಮಾರಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪಲಿಲ್ಲ. ಬಡವರಿಗಾಗಿ ಮಾಡಿದ ಕಲಮನ್ನು ಬಡವರಿಗೆ ಅನುಕೂಲವಾಗುವಂತೆಯೇ ಓದಬೇಕು, ಮೊದಲ ತೀರ್ಪು ತಪ್ಪಿದವರು ನಂತರದ ತೀರ್ಪೊಂದನ್ನು ಆಧರಿಸಿಯೂ ಅರ್ಜಿ ಹಾಕಬಹುದು ಎಂದಿತು. ಒಂದು ಊರಿನ ಪ್ರಕರಣಗಳು ಬೇರೆ ಬೇರೆ ವರ್ಷ ತೀರ್ಮಾನವಾಗುವ ನಮ್ಮಂಥ ಜಿಲ್ಲೆಗೆ ಈ ಮಾತು ಚಿನ್ನ.

ಇದೇ ಮನೋಧರ್ಮ ಬೇರೆ ತೀರ್ಪುಗಳಲ್ಲೂ ಇದೆ. ಕೋರ್ಟ್ ಶುಲ್ಕಕ್ಕೆ ಹೆದರಿ ರೈತ ಕಡಿಮೆ ಕೇಳಿರುತ್ತಾನೆ. ಅವನು ಕೇಳಿದ್ದಕ್ಕಿಂತ ಹೆಚ್ಚು ಬೆಲೆ ಅದೇ ಸೀಮೆಯ ಭೂಮಿಗೆ ಸಿಕ್ಕಿದ್ದರೆ ಅವನಿಗೂ ಅದನ್ನೇ ಕೊಡಬೇಕು ಎಂದು 2017ರಲ್ಲಿ ನರೇಂದ್ರ ಪ್ರಕರಣ ಹೇಳಿತು. ಹೈಕೋರ್ಟಿಗೆ ತಡವಾಗಿ ಮೇಲ್ಮನವಿ ಹಾಕಿದವರ ಮುಖಕ್ಕೆ ಬಾಗಿಲು ಹಾಕದೆ, ತಡವಾದ ದಿನಗಳ ಬಡ್ಡಿಯನ್ನಷ್ಟೇ ಕಡಿದು ನೆರೆಯವರ ದರವನ್ನೇ ಕೊಡುವ ಪದ್ಧತಿಯನ್ನು 2014ರ ಧೀರಜ್ ಸಿಂಗ್ ಪ್ರಕರಣ ಗಟ್ಟಿ ಮಾಡಿತು. ಹಿಮಾಚಲದ ವಿದ್ಯಾದೇವಿ ಪ್ರಕರಣವಂತೂ ಮನ ಕಲಕುವಂಥದ್ದು. ಅಕ್ಷರ ಬಾರದ ವಿಧವೆಯೊಬ್ಬರ ಜಮೀನನ್ನು 1967–68ರಲ್ಲಿ ಸರ್ಕಾರ ಯಾವ ಸ್ವಾಧೀನ ಪ್ರಕ್ರಿಯೆಯನ್ನೂ ಮಾಡದೆ ರಸ್ತೆಗೆ ಬಳಸಿಕೊಂಡಿತು. ಅಕ್ಕಪಕ್ಕದವರು ಕೋರ್ಟಿನಲ್ಲಿ ಗೆದ್ದದ್ದು ತಿಳಿದ ಮೇಲೆ, 2010ರಲ್ಲಿ ಆಕೆ ಹೈಕೋರ್ಟಿಗೆ ಹೋದರು. ಇಷ್ಟು ವರ್ಷ ಸುಮ್ಮನಿದ್ದುದರಿಂದ ಜಮೀನು ನಮ್ಮದೇ ಆಯಿತು ಎಂದು ಸರ್ಕಾರ ವಾದಿಸಿತು. ಜನಕಲ್ಯಾಣ ರಾಜ್ಯವೊಂದು ತನ್ನ ಪ್ರಜೆಯ ಎದುರು ಅಂಥ ವಾದ ಹೂಡಲಾಗದು ಎಂದು 2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ಹೇಳಿ, ನೆರೆಯವರಿಗೆ ಕೊಟ್ಟ ದರದಲ್ಲೇ ಪರಿಹಾರ ಕೊಡಿಸಿತು.

ಹೆದ್ದಾರಿಗೆ ಹೊಲ ಕೊಟ್ಟವರ ಕಥೆ ಇನ್ನೊಂದು. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ತೆಗೆದುಕೊಂಡ ಭೂಮಿಗೆ ಸೊಲೇಷಿಯಂ, ಅದರ ಬಡ್ಡಿ ಇಲ್ಲ ಎಂದು 1997ರಲ್ಲಿ ಕಾಯ್ದೆ ತಿದ್ದಿದ್ದರು. ಕೆರೆಗೆ ಹೊಲ ಹೋದವನಿಗೆ ಸಾಂತ್ವನ ಧನ ಉಂಟು, ಅದೇ ಊರಲ್ಲಿ ರಸ್ತೆಗೆ ಹೊಲ ಹೋದವನಿಗೆ ಇಲ್ಲ ಎಂದಾಯಿತು. 2019ರ ಸೆಪ್ಟೆಂಬರ್‌ನಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತಾರತಮ್ಯ ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದಿತು. ತೀರ್ಪು ಮುಂದಿನವರಿಗಷ್ಟೇ ಅನ್ವಯವಾಗಲಿ ಎಂದು ಹೆದ್ದಾರಿ ಪ್ರಾಧಿಕಾರ ಕೇಳಿಕೊಂಡಾಗ, 2025ರ ಫೆಬ್ರುವರಿಯಲ್ಲಿ ಕೋರ್ಟು ನಿರಾಕರಿಸಿತು. ಹೊಸ ಕಾಯ್ದೆಯ ಪರಿಹಾರ ಹೆದ್ದಾರಿಗೂ ಅನ್ವಯವಾಗುವ ಹಿಂದಿನ ದಿನ, 2014ರ ಡಿಸೆಂಬರ್ 31ರಂದು, ಭೂಮಿ ಕಳೆದುಕೊಂಡವನಿಗೂ ಮರುದಿನ ಕಳೆದುಕೊಂಡವನಿಗೂ ನಡುವೆ ಭೇದ ಮಾಡುವುದು ಯಾವ ನ್ಯಾಯ ಎಂಬುದೇ ಅಲ್ಲಿನ ತರ್ಕ. ಬದುವಿನ ಆಚೀಚೆಯ ಪ್ರಶ್ನೆಯೇ ಇಲ್ಲಿ ಕ್ಯಾಲೆಂಡರಿನ ಆಚೀಚೆ ನಿಂತಿದೆ.

ಅಪಘಾತ, ಹೆಣ್ಣುಮಕ್ಕಳ ಪಾಲು, ಮಂಜೂರಾದ ಭೂಮಿ

ಹೆದ್ದಾರಿ ಬಂದ ಕಡೆ ಅಪಘಾತವೂ ಬರುತ್ತದೆ. ದುಡಿಯುವ ಮಗನನ್ನು ಕಳೆದುಕೊಂಡ ಮನೆಗೆ ಮೋಟಾರು ಅಪಘಾತ ನ್ಯಾಯಮಂಡಳಿ ಎಷ್ಟು ಪರಿಹಾರ ಕೊಡಬೇಕು ಎಂಬುದರಲ್ಲಿ ಹಿಂದೆ ಒಂದೊಂದು ಕೋರ್ಟಿಗೆ ಒಂದೊಂದು ಲೆಕ್ಕವಿತ್ತು. 2009ರ ಸರಳಾ ವರ್ಮಾ ಪ್ರಕರಣ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣ ಇಡೀ ದೇಶಕ್ಕೆ ಒಂದೇ ಸೂತ್ರ ಕೊಟ್ಟವು. ಮಹಾಗಾಂವದ 30 ವರ್ಷದ ಸ್ವಂತ ದುಡಿಮೆಯವನ ತಿಂಗಳ ಗಳಿಕೆ 10,000 ಎಂದು ಹಿಡಿಯಿರಿ. ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಯೆಂದು ಶೇ 40 ಸೇರಿಸಿದರೆ 14,000. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವಲಂಬಿತರಾಗಿದ್ದರೆ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದು 10,500. ವರ್ಷಕ್ಕೆ 1,26,000. ಆ ವಯಸ್ಸಿಗೆ ನಿಗದಿಯಾದ 17ರಿಂದ ಗುಣಿಸಿದರೆ 21,42,000 ರೂಪಾಯಿ, ಅಂತ್ಯಕ್ರಿಯೆ ಮತ್ತಿತರ ಬಾಬ್ತಿನ ಮೊತ್ತ ಬೇರೆ. ಮಂಗಳೂರಿನಲ್ಲಾದರೂ ಲೆಕ್ಕ ಇದೇ. ಇಲ್ಲಿಯೂ ಗಳಿಕೆಯ ಪುರಾವೆ ಇಲ್ಲದ ಕೂಲಿಯವನ ಮನೆಯವರೇ ಹಿಂದೆ ಬೀಳುವುದು. ಪರಿಹಾರದ ಅರ್ಜಿ ಹಾಕಲು 2022ರ ಏಪ್ರಿಲ್ 1ರಿಂದ ಜಾರಿಯಾದ ಆರು ತಿಂಗಳ ಗಡುವು ಇನ್ನೊಂದು ಕಟ್ಟೆಯಾಗಿ ನಿಂತಿದೆ. ಸಾವಿನ ಮನೆಯಲ್ಲಿ ಆರು ತಿಂಗಳು ಎಷ್ಟು ಬೇಗ ಸರಿಯುತ್ತದೆಂಬುದು ಕಂಡವರಿಗೆ ಗೊತ್ತು. ಆ ಗಡುವಿನ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ.

ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ದಾರಿ ಹೆಚ್ಚಾಗಿ ಕರ್ನಾಟಕದ ಮೂಲಕವೇ ಸಾಗಿದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ನಮ್ಮ ರಾಜ್ಯ 1994ರಲ್ಲೇ ಕಾನೂನು ಮಾಡಿತ್ತು, ಆದರೆ ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಬೆಳಗಾವಿಯಲ್ಲಿ ಹೂಡಿದ ದಾವೆಯಿಂದ ಮೇಲೆ ಹೋದ ಫೂಲಾವತಿ ಪ್ರಕರಣದಲ್ಲಿ ಹೈಕೋರ್ಟ್ ಮಗಳ ಪರ ನಿಂತರೆ, 2015ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಿತ್ತು ಎಂದಿತು. ಕರ್ನಾಟಕದಿಂದಲೇ ಹೋದ ದಾನಮ್ಮ ಪ್ರಕರಣದಲ್ಲಿ 2018ರಲ್ಲಿ, 2001ರಲ್ಲೇ ತಂದೆ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಂದೆ ಬದುಕಿದ್ದರೇ ಎಂಬ ಪ್ರಶ್ನೆಯೇ ಬೇಡ ಎಂದು ಸ್ಪಷ್ಟಪಡಿಸಿತು. ಐದೇ ವರ್ಷಗಳಲ್ಲಿ ಮೂರು ಉತ್ತರ. ನಡುವೆ ಬಂದ 2015ರ ಮಾತನ್ನು ನಂಬಿ ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಟ್ಟ ಅಕ್ಕತಂಗಿಯರು ಎಷ್ಟು ಮಂದಿಯೋ, ಅವರ ಮನೆಗೆ 2020ರ ತೀರ್ಪನ್ನು ಯಾರೂ ಒಯ್ದು ಮುಟ್ಟಿಸಲಿಲ್ಲ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯ ವಿಷಯದಲ್ಲಿ ಕೋರ್ಟು ಮತ್ತು ಶಾಸನಸಭೆ ಎದುರುಬದುರಾದವು. ಅಂಥ ಭೂಮಿಯನ್ನು ಷರತ್ತು ಮೀರಿ ಕೊಂಡವರಿಂದ ಬಿಡಿಸಿ ಮೂಲ ಮನೆತನಕ್ಕೆ ಮರಳಿಸಲು ಕರ್ನಾಟಕ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತಂದಿತು. 1984ರ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2017ರ ನೆಕ್ಕಂಟಿ ಪ್ರಕರಣದಲ್ಲಿ ಮಾತ್ರ, ಕಾಯ್ದೆಯಲ್ಲಿ ಗಡುವಿಲ್ಲದಿದ್ದರೂ ಸಮಂಜಸ ಕಾಲದಲ್ಲಿ ಅರ್ಜಿ ಹಾಕಬೇಕಿತ್ತು ಎಂದಿತು. ಆ ಒಂದು ಮಾತಿನಿಂದ ಎಷ್ಟೋ ದಲಿತ ಕುಟುಂಬಗಳ ಅರ್ಜಿಗಳು ‘ತಡವಾಯಿತು’ ಎಂದು ವಜಾ ಆದವು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ನಡೆಯಿತು. 2023ರಲ್ಲಿ ವಿಧಾನಮಂಡಲ ಕಾಯ್ದೆ ತಿದ್ದಿ, ಇದಕ್ಕೆ ಕಾಲಮಿತಿ ಇಲ್ಲ ಎಂದು ಬರೆಯಿತು. ಅಜ್ಜನ ಹೆಬ್ಬೆಟ್ಟಿನಿಂದ ಹೋದ ಭೂಮಿಯ ಸುದ್ದಿ ಮೊಮ್ಮಗ ಓದಲು ಕಲಿತ ಮೇಲೆ ತಾನೇ ತಿಳಿಯುವುದು? ಗಡುವು ಎಂಬುದು ಎಲ್ಲರಿಗೂ ಒಂದೇ ತೂಕದ್ದಲ್ಲ ಎಂಬುದನ್ನು ನಮ್ಮ ಶಾಸನಸಭೆ ಅಂದು ಒಪ್ಪಿಕೊಂಡಿತು.

ಗೆದ್ದ ಮೇಲೂ ಬಾರದ ಹಣ

ಕೋರ್ಟಿಗೆ ಹೋಗಿ ಗೆದ್ದವನ ಪಾಡೂ ಹಗುರವಲ್ಲ. ಡಿಕ್ರಿ ಕೈಗೆ ಬಂದರೂ ಹಣ ಬರಬೇಕಾದರೆ ಮತ್ತೆ ಅಮಲ್ಜಾರಿ ಅರ್ಜಿ ಹಾಕಬೇಕು. ಪರಿಹಾರ ಕೊಡದ ಸರ್ಕಾರಿ ಕಚೇರಿಗೆ ಕೋರ್ಟಿನ ಅಮೀನರು ಬಂದು ಕುರ್ಚಿ, ಕಂಪ್ಯೂಟರ್, ಜೀಪು ಜಪ್ತಿ ಮಾಡಿದ ಸುದ್ದಿ ರಾಜ್ಯದ ಯಾವುದಾದರೊಂದು ಜಿಲ್ಲೆಯಿಂದ ಬರುತ್ತಲೇ ಇರುತ್ತದೆ. ಓದಲು ಅದು ರಂಜಕ, ಆ ರೈತನಿಗೆ ಅದು ಇನ್ನೊಂದು ದಶಕದ ಅಲೆದಾಟ. ಬೆಂಗಳೂರಿನ ಆಸ್ತಿಯೊಂದರ ವ್ಯಾಜ್ಯದಲ್ಲಿ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ದೇಶದ ಕೋರ್ಟುಗಳಿಗೆ ಹೇಳಿತು. 2025ರಲ್ಲಿ ಲೆಕ್ಕ ತರಿಸಿ ನೋಡಿದಾಗ ಅಂಥ 8.82 ಲಕ್ಷ ಅರ್ಜಿಗಳು ಬಾಕಿ ಇದ್ದವು. ಗೆದ್ದೂ ಕೈಗೆ ಬಾರದ ಹಕ್ಕುಗಳ ಲೆಕ್ಕ ಅದು.

ಒಳ್ಳೆಯ ಬದಲಾವಣೆಗಳೂ ಆಗಿವೆ. ಹೆಣ್ಣುಮಕ್ಕಳು, ಪರಿಶಿಷ್ಟರು, ಅಂಗವಿಕಲರು ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತವಾಗಿ ವಕೀಲರನ್ನು ಪಡೆಯಬಹುದು. ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಚೇರಿಯಿದೆ, 15100ಕ್ಕೆ ಕರೆ ಮಾಡಿದರೂ ಆಯಿತು. ಹೈಕೋರ್ಟ್ ಕಲಾಪವನ್ನು ಫೋನಿನಲ್ಲಿ ನೋಡಬಹುದು. ಸುಪ್ರೀಂ ಕೋರ್ಟಿನ ತೀರ್ಪುಗಳು ಕನ್ನಡಕ್ಕೆ ಬರತೊಡಗಿವೆ. 348ನೇ ವಿಧಿಯಂತೆ ಮೇಲಿನ ಕೋರ್ಟುಗಳ ಭಾಷೆ ಇಂಗ್ಲಿಷೇ ಆಗಿರುವಾಗ ಈ ಅನುವಾದಗಳ ಬೆಲೆ ದೊಡ್ಡದು. ಇವೆಲ್ಲವೂ ಕೇಳಿಕೊಂಡು ಬಂದವನಿಗೆ ಸಿಗುವ ನೆರವು. ಕೇಳಬೇಕೆಂದೇ ಗೊತ್ತಿಲ್ಲದವನ ಮನೆ ಬಾಗಿಲಿಗೆ ಹೋಗುವ ವ್ಯವಸ್ಥೆ ಇನ್ನೂ ಇಲ್ಲ.

ಅದು ಕಷ್ಟದ ಕೆಲಸವೂ ಅಲ್ಲ. ಒಂದು ಅಧಿಸೂಚನೆಯಲ್ಲಿ ಯಾವ ಯಾವ ಸರ್ವೆ ನಂಬರುಗಳಿದ್ದವು, ಯಾರು ಕೋರ್ಟಿಗೆ ಹೋದರು, ಯಾರು ಹೋಗಲಿಲ್ಲ ಎಂಬ ಪಟ್ಟಿ ಸರ್ಕಾರದ ಬಳಿಯೇ ಇದೆ. ಕೋರ್ಟು ದರ ಹೆಚ್ಚಿಸಿದ ತೀರ್ಪು ಸರ್ಕಾರಿ ವಕೀಲರ ಕೈಗೆ ಅಂದೇ ಬರುತ್ತದೆ. ಅದು ಬಂದ ಕೂಡಲೇ ಉಳಿದ ಸರ್ವೆ ನಂಬರುಗಳ ಪಟ್ಟಿಯನ್ನು, ಹೊಸ ದರವನ್ನು, ಅರ್ಜಿ ಹಾಕುವ ಕೊನೆಯ ದಿನವನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಯ ಫಲಕಕ್ಕೆ ಹಚ್ಚಬೇಕು, ಮನೆ ಮನೆಗೆ ನೋಟಿಸ್ ಮುಟ್ಟಿಸಬೇಕು. ಭೂಮಿ ತೆಗೆದುಕೊಳ್ಳುವಾಗ ಮನೆ ಹುಡುಕಿಕೊಂಡು ಬಂದ ನೋಟಿಸು ಹಣ ಕೊಡುವಾಗಲೂ ಬರಲಿ.

ಭೂಸ್ವಾಧೀನ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕರ್ನಾಟಕ ಹಳೆಯ ಕಾಯ್ದೆಯನ್ನೂ ತಿದ್ದಿತ್ತು, 2013ರ ಕಾಯ್ದೆಯನ್ನೂ ತಿದ್ದಿದೆ. ಪಿಟಿಸಿಎಲ್ ವಿಷಯದಲ್ಲಿ ಗಡುವಿನ ಅನ್ಯಾಯವನ್ನು ಸರಿಪಡಿಸಿದ ವಿಧಾನಮಂಡಲಕ್ಕೆ ಇದು ದೊಡ್ಡ ಮಾತಲ್ಲ. ಇನ್ನೊಂದು ತಿದ್ದುಪಡಿ ಬರಲಿ: ನೆರೆಯವನ ಮೂರು ತಿಂಗಳ ಗಡುವು ಕಲಬುರಗಿಯ ಕೋರ್ಟಿನಲ್ಲಿ ತೀರ್ಪು ಓದಿದ ದಿನದಿಂದ ಓಡುವುದು ಬೇಡ, ಆ ತೀರ್ಪಿನ ನೋಟಿಸು ಮಹಾಗಾಂವದಲ್ಲಿ ಅವನ ಕೈಸೇರಿದ ದಿನದಿಂದ ಓಡಲಿ.